ಎರಿ ಹೊಲದ ಬದುವಿಗೂ ಬಾಳಿದೆ

ಬೇಸಿಗೆಯಲ್ಲಿ ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಹೊಲಗಳು ಬಟ್ಟಬಯಲು. ಆ ಬಯಲಿನ ಜೀವ ಆಗ ನೆಲದೊಳಗೆ ಇಳಿದಿರುತ್ತದೆ. ಎರಿ ಮಣ್ಣಿನಲ್ಲಿ ಸ್ಮೆಕ್ಟೈಟ್ ಜಾತಿಯ ಜೇಡಿ ಹೆಚ್ಚು. ನೀರು ಹೀರಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇ ಹೊತ್ತಿಗೆ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಮೇಲೆ ಸುಡುವ ಬಿಸಿಲಿದ್ದರೂ ಬಿರುಕಿನ ಆಳದಲ್ಲಿ ತಂಪು. ಕಪ್ಪೆ, ಚೇಳು, ಹಾವು, ಹುಳುಹುಪ್ಪಟೆ ಅಲ್ಲಿ ಬೇಸಿಗೆ ಕಳೆಯುತ್ತವೆ.

ಮಿರಗದ ಮಳೆ ಬಿದ್ದು ಬಿರುಕು ಮುಚ್ಚುತ್ತಲೇ ಎಲ್ಲವೂ ಮೇಲೆ ಬರುತ್ತವೆ. ಮಖಮಲ್ಲಿನಂಥ ಕೆಂಪು ಹುಳು ಒಂದೆರಡು ದಿನ ಕಂಡು ಮಾಯವಾಗುತ್ತದೆ. ಅದು ಗೆದ್ದಲು ತಿನ್ನುವ ಜೀವಿ, ದಯವಿಟ್ಟು ತುಳಿಯಬೇಡಿ. ಬೆಣ್ಣೆಹಳ್ಳದ ದಂಡೆಯ ಜಾಲಿಗಳಲ್ಲಿ ಗಂಡು ಗೀಜಗಗಳು ಹುಲ್ಲಿನ ಎಳೆ ಸೀಳಿ ಗೂಡು ನೇಯತೊಡಗುತ್ತವೆ. ಕಾಳು ತಿನ್ನುವ ಹಕ್ಕಿಯೆಂದು ಗೀಜಗವನ್ನು ದೂರುತ್ತೇವೆ. ಆದರೆ ಅದು ಮರಿಗಳಿಗೆ ಮುಖ್ಯವಾಗಿ ಉಣಿಸುವುದು ಹುಳುಗಳನ್ನು. ಗೌಜುಗ, ಬುರ್ಲಿ, ನೆಲಗುಬ್ಬಿಗಳಿಗೆ ಮರವೂ ಬೇಡ, ಬದುವಿನ ಹುಲ್ಲಿನ ಬುಡದಲ್ಲೇ ಮೊಟ್ಟೆಯಿಡುತ್ತವೆ.

ನನ್ನ ಮಟ್ಟಿಗೆ ಇಲ್ಲಿ ನೋಡಲೇಬೇಕಾದ ಕಾಲ ಹಿಂಗಾರಿ. ಬಿಳಿಜೋಳ, ಕಡಲೆ, ಕುಸುಬೆ ಎದ್ದು ನಿಂತಾಗ ಕಝಾಕಸ್ತಾನದ ಕಡೆಯ ಹುಲ್ಲುಗಾವಲುಗಳಿಂದ ಸೆಳೆವ ಎಂಬ ಬೇಟೆಹಕ್ಕಿಗಳು ಬರುತ್ತವೆ. ಪೈರಿನ ಮೇಲೆ ಆಳೆತ್ತರದಲ್ಲಿ ತೇಲುತ್ತಾ ಮಿಡತೆ, ಇಲಿ ಹುಡುಕುತ್ತವೆ. ರಾತ್ರಿಯಾದರೆ ಮರ ಏರುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೆ ಗುಂಪಾಗಿ ತಂಗುತ್ತವೆ. ಹುಲ್ಲಿಗೆ ಬೆಂಕಿ ಇಟ್ಟರೆ ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ತಂಗಲು ಜಾಗವಿಲ್ಲ.

ಕಡಲೆಯ ಕಾಯಿಕೊರಕಕ್ಕೂ ಹಕ್ಕಿಯೇ ಮದ್ದು. ಹೊಲದಲ್ಲಿ ಅಲ್ಲಲ್ಲಿ ಅಡ್ಡಪಟ್ಟಿ ಹೊಡೆದ ಕೋಲು ನೆಟ್ಟರೆ ಕಾಜಾಣ, ಗೊರವಂಕಗಳು ಕೂತು ಹುಳ ಹೆಕ್ಕುತ್ತವೆ. ಕೃಷಿ ವಿಜ್ಞಾನಿಗಳೂ ಇದನ್ನೇ ಹೇಳುತ್ತಾರೆ. ಎಳ್ಳಮಾಸಿಗೆ ಚರಗ ಚೆಲ್ಲಿ ಹೊಲಕ್ಕೆ ಉಣಿಸುವ ಸೀಮೆಗೆ ಇದೇನು ಹೊಸ ಪಾಠವಲ್ಲ.

ಚಿಗರಿಯ, ಅಂದರೆ ಕೃಷ್ಣಮೃಗದ ಮಾತು ಇಷ್ಟು ಸುಲಭದ್ದಲ್ಲ. ಹುಬ್ಬಳ್ಳಿ-ಧಾರವಾಡದ ಬಸ್ಸಿಗೆ ಅದರ ಹೆಸರಿಟ್ಟು ಹೆಮ್ಮೆಪಡುತ್ತೇವೆ, ಅದು ಮೇಯುವುದು ಮಾತ್ರ ಬಡ ರೈತನ ಹೆಸರುಕಾಳು, ಕಡಲೆಯ ಎಳೆ ಸಸಿಯನ್ನು. ಬಯಲ ಪ್ರಾಣಿ ಅದು, ದೂರದಿಂದಲೇ ಅಪಾಯ ಕಂಡು ಓಡಿ ಬದುಕುವಂಥದ್ದು, ಕಾಡಿಗೆ ಅಟ್ಟಲಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಚಿಗರಿಯನ್ನು ಕಾಯುತ್ತದೆ. ರೈತನಿಗೆ ಪರಿಹಾರ ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಆ ಕಾಯ್ದೆ ಅರೆಬರೆ. ಇಂಥದೇ ಬಯಲಿನ ಎರೆಭೂತ, ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಹಕ್ಕಿ, ಈಗ ಕರ್ನಾಟಕದಲ್ಲಿ ಉಳಿದಿರುವುದು ಸಿರುಗುಪ್ಪದ ಸುತ್ತ, ಅದೂ ಬೆರಳೆಣಿಕೆಯಷ್ಟು.

ಇದೇ ಜಿಲ್ಲೆಯಾದರೂ ಕಲಘಟಗಿಯ ಕತೆಯೇ ಬೇರೆ. ಅಲ್ಲಿ ಮಲೆನಾಡಿನ ಸೆರಗು, ತೇಗ, ಮತ್ತಿ, ಭತ್ತದ ಗದ್ದೆ. ಫೆಬ್ರುವರಿ, ಮಾರ್ಚಿನಲ್ಲಿ ಮುತ್ತುಗ ಅರಳಿದಾಗ ಮಕರಂದಕ್ಕೆ ಬರುವ ಸೂರಕ್ಕಿಗಳನ್ನು ನೋಡಲು ಒಮ್ಮೆ ಹೋಗಿ.

ಹೊಲ ಇರುವವರಲ್ಲಿ ಕೇಳುವುದು ಇಷ್ಟೇ: ಬದುವಿಗೆ ಕಳೆನಾಶಕ ಹೊಡೆಯಬೇಡಿ, ಹುಲ್ಲು ಸುಡಬೇಡಿ. ಹುಲ್ಲು ಬೇಕಿದ್ದರೆ ಮಳೆಗಾಲ ಕಳೆದು ಮರಿಗಳು ಹಾರಿದ ಮೇಲೆ ಕೊಯ್ಯಿರಿ, ಒಂದು ಮೂಲೆ ಹಾಗೇ ಬಿಡಿ. ದಸರೆಗೆ ಕೈಮುಗಿಯುವ ಬನ್ನಿಯ ಒಂದು ಸಸಿ ಈ ಮುಂಗಾರಿನಲ್ಲಿ ನಿಮ್ಮ ಬದುವಿಗೂ ಬರಲಿ.