ಲಾರೆಯ ಹಾರುವ ಬಂಡಿಗಳು

ಗಾಯಾಳುಗಳ ಬಂಡಿಯು ರಣರಂಗಕ್ಕೆ ಒಂದು ಹರಿದಾರಿ ಹಿಂದೆ ನಿಂತು, ಕಾಳಗವು ಮುಗಿಯುವವರೆಗೂ ಕಾಯತಕ್ಕದ್ದೆಂಬುದು ಫ್ರೆಂಚ್ ಸೈನ್ಯದ ಹಳೆಯ ಕಟ್ಟಳೆ. ಅಷ್ಟರಲ್ಲಿ ಬಿದ್ದವರ ಪ್ರಾಣವೇ ಹೋಗುತ್ತಿದ್ದಿತು. 1792ರಲ್ಲಿ ರೈನ್ ಸೇನೆಯನ್ನು ಸೇರಿದ ಶಸ್ತ್ರವೈದ್ಯ ಡೊಮಿನಿಕ್ ಲಾರೆಯು ಇದನ್ನು ಸಹಿಸದೆ, ಹಗುರವಾದ ಕುದುರೆಬಂಡಿಗಳನ್ನು ಮಾಡಿಸಿ, ಗುಂಡು ಹಾರುತ್ತಿರುವಾಗಲೇ ವೈದ್ಯರನ್ನು ಮುಂದಕ್ಕೆ ನಡೆಯಿಸಿದನು. ಅವನ ಇನ್ನೊಂದು ನಿಯಮವನ್ನು ನಾವು ಇದಕ್ಕಿಂತಲೂ ಹಿರಿದೆಂದೆಣಿಸುತ್ತೇವೆ: ಮೊದಲ ಚಿಕಿತ್ಸೆಯು ಹೆಚ್ಚು ಗಾಯಗೊಂಡವನಿಗೆ, ಅವನು ದಳಪತಿಯೋ ಕಾಲಾಳೋ, ತಮ್ಮವನೋ ಹಗೆಯವನೋ ಎಂಬ ವಿಚಾರವಿಲ್ಲ.

ನೋವು ಮರೆಸುವ ಔಷಧವಿಲ್ಲದ ಕಾಲವದು. ನಜ್ಜುಗುಜ್ಜಾದ ಅಂಗವನ್ನು ಮೊದಲ ದಿನವೇ ಕತ್ತರಿಸಿದರೆ ಬದುಕುವವರು ಹೆಚ್ಚೆಂದು ಕಂಡುಕೊಂಡಿದ್ದ ಲಾರೆಯು, 1812ರಲ್ಲಿ ಬೊರೊಡಿನೊದಲ್ಲಿ ಒಂದೇ ಹಗಲಿರುಳಿನಲ್ಲಿ ಸುಮಾರು 200 ಅಂಗಚ್ಛೇದಗಳನ್ನು ಮಾಡಿದನು. ಲೀಜನ್ ಆಫ್ ಆನರ್ ಬಿರುದೂ ಬ್ಯಾರನ್ ಪದವಿಯೂ ಅವನಿಗೆ ಆ ಮೊದಲೇ ಸಂದಿದ್ದುವು. 1815ರಲ್ಲಿ ವಾಟರ್ಲೂವಿನಲ್ಲಿ ಪ್ರಷ್ಯನರಿಗೆ ಸೆರೆಸಿಕ್ಕಿ ಗುಂಡಿಗೆ ಗುರಿಯಾಗಲಿದ್ದವನನ್ನು, ಅವನ ಪಾಠಗಳನ್ನು ಕೇಳಿದ್ದ ಶತ್ರುಪಕ್ಷದ ವೈದ್ಯನೊಬ್ಬನು ಗುರುತಿಸಿ ಉಳಿಸಿದನು.