ಬಣ್ಣ ನೋಡಿ ಮದ್ದು ಆರಿಸಬೇಡಿ

ಅಮೆರಿಕದಲ್ಲಿ ರೈಫಲ್ ಇಟ್ಟುಕೊಂಡ ಅನೇಕರು ಈಡಾದ ಹಿತ್ತಾಳೆ ಕೇಸನ್ನು ಎಸೆಯುವುದಿಲ್ಲ. ಅದಕ್ಕೆ ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮನೆಯಲ್ಲೇ ತೋಟಾ ಕಟ್ಟಿಕೊಳ್ಳುತ್ತಾರೆ. ಅಲ್ಲಿ ಅದು ಕಾನೂನು ಒಪ್ಪಿದ ಹವ್ಯಾಸ. ನಮ್ಮಲ್ಲಿ ಹಾಗಲ್ಲ. ಕೋವಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ತೋಟಾ ತಯಾರಿಸುವ ಹಕ್ಕು ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಅದಕ್ಕೆ ಪ್ರತ್ಯೇಕ ಅನುಮತಿ ಕೇಳುತ್ತದೆ. ಆದರೆ ಮದ್ದಿನ ಬಗೆಗಿನ ತಪ್ಪು ನಂಬಿಕೆಗಳು ಎಲ್ಲಿದ್ದರೂ ಕಣ್ಣು, ಬೆರಳು ಕಳೆಯುವಂಥವೇ.

ಮದ್ದೆಲ್ಲ ಒಂದೇ ಎನ್ನುವುದು ಮೊದಲ ನಂಬಿಕೆ. ಕೇಪಿನ ಕೋವಿಯ ಕರಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲಿನ ಮಿಶ್ರಣ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ರೂಪಿಸಿದ ಹೊಗೆರಹಿತ ಮದ್ದಿನ ಮೂಲವೇ ಬೇರೆ, ನೈಟ್ರೋಸೆಲ್ಯುಲೋಸ್. ಒತ್ತಡ ಏರಿದಷ್ಟೂ ಅದು ಬಿರುಸಾಗಿ ಉರಿಯುತ್ತದೆ. ಕರಿಮದ್ದಿಗೆಂದು ಮಾಡಿದ ಕೋವಿಗೆ ಅದನ್ನು ತುಂಬಿದರೆ ನಳಿಗೆಯೇ ಸೀಳಿಹೋಗಬಹುದು. ಕೊಡಗು, ಮಲೆನಾಡಿನಲ್ಲಿ ಅಜ್ಜನ ಕಾಲದ ಕೋವಿ ಇಟ್ಟುಕೊಂಡವರು ಇದನ್ನು ಮರೆಯಲೇಬಾರದು.

"ಬೇಗ ಉರಿಯುವ ಮದ್ದು ಹಾಕಿದರೆ ಗುಂಡಿನ ವೇಗ ಹೆಚ್ಚುತ್ತದೆ" ಎಂಬ ಮಾತೂ ಇದೆ. ದೊಡ್ಡ ಕೇಸು, ಭಾರದ ಗುಂಡು ಇರುವ ರೈಫಲ್‌ನಲ್ಲಿ ಆಗುವುದು ಇದರ ಉಲ್ಟಾ. ಭಾರದ ಗುಂಡು ಕದಲಲು ಹೊತ್ತು ಹಿಡಿಯುತ್ತದೆ. ಅದು ಮುಂದೆ ಸರಿದು ಜಾಗ ಬಿಡುವ ಮೊದಲೇ ಅನಿಲವೆಲ್ಲ ಹುಟ್ಟಿಬಿಟ್ಟರೆ ಒತ್ತಡ ಮಿತಿ ಮೀರುತ್ತದೆ. ನಿಧಾನ ಉರಿಯುವ ಮದ್ದು ನಳಿಗೆಯುದ್ದಕ್ಕೂ ಗುಂಡನ್ನು ತಳ್ಳುತ್ತಾ ಹೋಗುತ್ತದೆ. ಅದಕ್ಕೇ ಮದ್ದಿನ ಕಾಳಿನಲ್ಲಿ ತೂತು ಬಿಡುವುದು, ಉರಿ ತಡೆಯುವ ಲೇಪ ಹಚ್ಚುವುದು.

ಇನ್ನು ಹೆಸರಿನ ಗೊಂದಲ. ಐಎಂಆರ್ 4831, ಎಚ್4831 ಎಂಬ ಎರಡು ಮದ್ದುಗಳ ಹೆಸರಿನಲ್ಲೂ ಒಂದೇ ಸಂಖ್ಯೆ, ಆದರೆ ಉರಿಯುವ ವೇಗ ಬೇರೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸುವುದು ಅಪಾಯ. ಮದ್ದುಗಳನ್ನು ವೇಗದ ಕ್ರಮದಲ್ಲಿ ಜೋಡಿಸಿದ ಪಟ್ಟಿಯಲ್ಲಿ ಅಕ್ಕಪಕ್ಕ ಇವೆ ಎಂದು ಅದಲು ಬದಲು ಮಾಡುವುದೂ ಅಷ್ಟೇ ಅಪಾಯ.

ಮದ್ದು ಕಡಿಮೆ ಹಾಕಿದರೆ ಕ್ಷೇಮ ಎಂಬುದು ಎಲ್ಲರೂ ಸುಲಭವಾಗಿ ನಂಬುವ ಮಾತು. .30 ಕಾರ್ಬೈನ್ ತೋಟಾಕ್ಕೆ ಬಳಸುವ ಎಚ್110 ಮದ್ದನ್ನು ತೆಗೆದುಕೊಳ್ಳಿ. ಸೂಚಿಸಿದ ಅಳತೆಗಿಂತ ಶೇ 3ಕ್ಕಿಂತ ಹೆಚ್ಚು ಇಳಿಸಬೇಡಿ ಎಂದು ಅದನ್ನು ಮಾರುವ ಹಾಜ್ಡನ್ ಕಂಪನಿಯೇ ಎಚ್ಚರಿಸುತ್ತದೆ. ಕಡಿಮೆಯಾದರೆ ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಅದು ತಿಳಿಯದೆ ಮುಂದಿನ ಈಡು ಹೊಡೆದರೆ ಕೋವಿ ಒಡೆಯಬಹುದು.

ಬಣ್ಣ, ಕಾಳಿನ ಆಕಾರ ನೋಡಿ ಮದ್ದು ಗುರುತಿಸುತ್ತೇನೆ ಎನ್ನುವವರೂ ಇದ್ದಾರೆ. ಗ್ರಾಫೈಟ್ ಸವರಿದ ಬೂದು ಕಾಳುಗಳು ಒಂದರಂತೆ ಇನ್ನೊಂದು ಕಾಣುತ್ತವೆ. ಪಳಗಿದ ಕಣ್ಣಿಗೂ ಅವುಗಳ ವೇಗ ತಿಳಿಯುವುದಿಲ್ಲ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಇರಲಿ, ಉಳಿದ ಮದ್ದು ಅದರ ಡಬ್ಬಿಗೇ ಹೋಗಲಿ. ಲೇಬಲ್ ಕಿತ್ತುಹೋದ ಡಬ್ಬಿಯ ಮದ್ದು ಎಷ್ಟೇ ದುಬಾರಿಯದ್ದಾಗಿರಲಿ, ಅದನ್ನು ತೋಟಾಕ್ಕೆ ತುಂಬಬೇಡಿ.