ಎತ್ತರಕ್ಕೆ ಜಿಗಿಯಬೇಕೇ? ಮೊದಲು ಇಳಿಯುವುದನ್ನು ಕಲಿಯಿರಿ

ಕಾಚಿಗೂಡ: ‘ಹುಡುಗಿ ಕುಳ್ಳಿ, ವಾಲಿಬಾಲ್ ಅವಳಿಗೆ ಆಗಿಬರದು’ ಎನ್ನುವ ಮಾತು ನಮ್ಮ ಮನೆಗಳಲ್ಲಿ ಹೊಸದಲ್ಲ. ಮೈಯೆತ್ತರ ಹುಟ್ಟಿನಿಂದ ಬರುವುದು ನಿಜ. ಆದರೆ ನಿಂತಲ್ಲಿಂದ ಮೇಲಕ್ಕೆ ಜಿಗಿಯುವ ಶಕ್ತಿ ಅಭ್ಯಾಸದಿಂದ ಹೆಚ್ಚುವಂಥದ್ದು.

ಜಿಗಿತದಲ್ಲಿ ಪಟ್ಟ ಶ್ರಮ ವ್ಯರ್ಥವಾಗದು ಎನ್ನುವುದಕ್ಕೆ ಉದಾಹರಣೆ ನಮ್ಮ ಊರಿನಲ್ಲೇ ಇದೆ. 2012ರ ಜೂನ್‌ನಲ್ಲಿ ಹೈದರಾಬಾದಿನಲ್ಲಿ ನಡೆದ ರಾಷ್ಟ್ರೀಯ ಅಂತರರಾಜ್ಯ ಅಥ್ಲೆಟಿಕ್ಸ್ ಕೂಟದಲ್ಲಿ ದಕ್ಷಿಣ ಕನ್ನಡದ ಸಹನಾ ಕುಮಾರಿ ಹೈಜಂಪ್‌ನಲ್ಲಿ 1.92 ಮೀಟರ್ ಜಿಗಿದು ಲಂಡನ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. ಬಾಬಿ ಅಲೋಶಿಯಸ್ 2004ರಲ್ಲಿ ಸ್ಥಾಪಿಸಿದ್ದ 1.91 ಮೀಟರ್ ರಾಷ್ಟ್ರೀಯ ದಾಖಲೆ ಅಂದು ಮುರಿಯಿತು. ಒಂದು ಸೆಂಟಿಮೀಟರ್ ಮೇಲೇರಲು ಎಂಟು ವರ್ಷ! ಆಗ ಸಹನಾ ಅವರಿಗೆ 30 ವರ್ಷ. ಓಡಿಬಂದು ಒಂಟಿಗಾಲಲ್ಲಿ ನೆಗೆಯುವ ಹೈಜಂಪ್ ಬೇರೆ, ನಿಂತಲ್ಲಿಂದ ಎರಡೂ ಕಾಲಲ್ಲಿ ಜಿಗಿಯುವುದು ಬೇರೆ. ಆದರೆ ತಾಳ್ಮೆ ಎರಡಕ್ಕೂ ಬೇಕು.

ಅಳೆಯುವುದು ಹೇಗೆ?

ಗೋಡೆಯ ಪಕ್ಕ ನಿಂತು, ಹಿಮ್ಮಡಿ ಎತ್ತದೆ, ಒಂದು ಕೈ ಚಾಚಿ ಸೀಮೆಸುಣ್ಣದಿಂದ ಗುರುತು ಹಾಕಿ. ನಂತರ ಜಿಗಿದು ಇನ್ನೊಂದು ಗುರುತು ಹಾಕಿ. ಎರಡರ ನಡುವಿನ ಅಂತರವೇ ನಿಮ್ಮ ಜಿಗಿತ. ಅಮೆರಿಕದ ಡಡ್ಲಿ ಸಾರ್ಜೆಂಟ್ 1921ರಲ್ಲಿ ಪ್ರಚಾರಕ್ಕೆ ತಂದ ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಮಹಿಳೆಯರ ವಾಲಿಬಾಲ್ ನೆಟ್ಟಿನ ಎತ್ತರ 2.24 ಮೀಟರ್. ಕೈ ಚಾಚಿದಾಗ ಎರಡು ಮೀಟರ್ ಮುಟ್ಟುವ ಹುಡುಗಿ ನೆಟ್ಟಿನ ಅಂಚು ಮುಟ್ಟಲು 24 ಸೆಂಟಿಮೀಟರ್ ಜಿಗಿಯಬೇಕು. ಸ್ಮ್ಯಾಶ್ ಹೊಡೆಯಲು ಇನ್ನೂ ಹೆಚ್ಚು.

ಕುಗ್ಗು, ಬೀಸು, ಚಿಮ್ಮು

ಪಾದಗಳು ಸೊಂಟದಗಲ ಇರಲಿ. ಮಂಡಿ, ಸೊಂಟ ಮಡಿಸಿ ಥಟ್ಟನೆ ಕುಗ್ಗಿ, ಅಲ್ಲಿ ನಿಲ್ಲದೆ ಚಿಮ್ಮಬೇಕು. ಹಿಗ್ಗಿದ ಸ್ನಾಯು ತಕ್ಷಣ ಕುಗ್ಗಿದರೆ ಹೆಚ್ಚು ಬಲ ಕೊಡುತ್ತದೆ, ತಡಮಾಡಿದರೆ ಆ ಬಲ ಸೋರಿಹೋಗುತ್ತದೆ. ಕುಗ್ಗುವಾಗ ಕೈಗಳು ಹಿಂದಕ್ಕೆ, ಚಿಮ್ಮುವಾಗ ರಭಸದಿಂದ ಮೇಲಕ್ಕೆ ಹೋಗಲಿ. ಕೈ ಬೀಸುವುದರಿಂದಲೇ ಜಿಗಿತ ಹತ್ತರಲ್ಲೊಂದು ಪಾಲಿನಷ್ಟು ಹೆಚ್ಚುವುದುಂಟು. ಕೊನೆಯಲ್ಲಿ ಕಾಲ್ಬೆರಳಿನಿಂದ ನೆಲವನ್ನು ಒತ್ತಿ ಬಿಡಬೇಕು.

ಇಳಿಯುವುದರಲ್ಲಿ ಎಚ್ಚರ

ಹೆಚ್ಚಿನವರು ಮರೆಯುವುದು ಇದನ್ನೇ. ಇಳಿಯುವಾಗ ಪಾದದ ಮುಂಭಾಗ ಮೊದಲು ತಾಗಿ, ಹಿಮ್ಮಡಿ ಮೆಲ್ಲನೆ ಊರಿ, ಮಂಡಿ ಮಡಿಯಬೇಕು. ಸದ್ದು ಕಡಿಮೆಯಾದಷ್ಟೂ ಒಳ್ಳೆಯದು. ಮಂಡಿಗಳು ಒಳಕ್ಕೆ ವಾಲಬಾರದು, ಕಾಲ್ಬೆರಳಿನ ದಿಕ್ಕಿಗೇ ಇರಬೇಕು. ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗಿಯರಲ್ಲಿ ಹೆಚ್ಚು, ಆದ್ದರಿಂದ ಅವರಿಗೆ ಈ ಪಾಠ ಮೊದಲು ಆಗಬೇಕು. ಅಪಾರ್ಟ್‌ಮೆಂಟಿನ ಸೆಲ್ಲಾರ್, ತಾರಸಿಯ ಗಚ್ಚುನೆಲದಲ್ಲಿ ನಿತ್ಯ ಜಿಗಿಯುವುದು ಬೇಡ. ಮಣ್ಣಿನ ಅಥವಾ ಹುಲ್ಲಿನ ಮೈದಾನ ಹುಡುಕಿ.

ವಾರದ ಅಭ್ಯಾಸ

ಮೊದಲ ಎರಡು ವಾರ ಬಸ್ಕಿ, ಹಿಮ್ಮಡಿ ಎತ್ತಿ ಇಳಿಸುವುದು, ಸ್ಕಿಪ್ಪಿಂಗ್, ಚಿಕ್ಕ ಜಿಗಿತದ ನಂತರ ಮೆತ್ತಗೆ ಇಳಿದು ಅಲುಗದೆ ನಿಲ್ಲುವುದು ಇಷ್ಟೇ ಸಾಕು. ಆಮೇಲೆ ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ ಎರಡು ದಿನ ಬಿಡುವು ಕೊಟ್ಟು, ಪೂರ್ಣ ಬಲದ ಐದೈದು ಜಿಗಿತಗಳ ಮೂರು ಸುತ್ತು ಮಾಡಬಹುದು. ಪ್ರತಿ ಸುತ್ತಿನ ನಂತರ ಎರಡು ನಿಮಿಷ ವಿಶ್ರಾಂತಿ. ದಣಿದ ಕಾಲಲ್ಲಿ ಜಿಗಿದರೆ ತಪ್ಪು ರೀತಿಯೇ ರೂಢಿಯಾಗುತ್ತದೆ. ಆರಂಭಕ್ಕೆ ಮುನ್ನ ಹತ್ತು ನಿಮಿಷ ಓಟ, ಮೈ ಸಡಿಲಿಕೆ ತಪ್ಪಿಸಬೇಡಿ. ಎತ್ತರದ ಪೆಟ್ಟಿಗೆಯಿಂದ ಧುಮುಕಿ ಮತ್ತೆ ಚಿಮ್ಮುವ ವ್ಯಾಯಾಮವನ್ನು 1960ರ ದಶಕದಲ್ಲಿ ಸೋವಿಯತ್ ತರಬೇತುದಾರ ಯೂರಿ ವೆರ್ಖೋಶಾನ್‌ಸ್ಕಿ ಬೆಳೆಸಿದ್ದು ಪಳಗಿದ ಕ್ರೀಡಾಪಟುಗಳಿಗಾಗಿ. ಮಕ್ಕಳು ಅದನ್ನು ತಾವಾಗಿ ಮಾಡುವುದು ಬೇಡ.

ಬೆಳೆಯುವ ವಯಸ್ಸಿನ ಮಕ್ಕಳು ಮಂಡಿಚಿಪ್ಪಿನ ಕೆಳಗೆ ನೋವೆಂದರೆ ‘ನೆಪ’ ಎಂದು ಗದರಬೇಡಿ. ಜಿಗಿತ ನಿಲ್ಲಿಸಿ, ನೋವು ಉಳಿದರೆ ವೈದ್ಯರಿಗೆ ತೋರಿಸಿ. ಗೋಡೆಯ ಗುರುತನ್ನು ದಿನವೂ ಅಳೆಯುವ ಅಗತ್ಯವಿಲ್ಲ. ಎಂಟು ವಾರ ಬಿಟ್ಟು ನೋಡಿ, ನಾಲ್ಕು ಬೆರಳು ಮೇಲೇರಿದ್ದರೂ ಅದು ಮಕ್ಕಳ ಸ್ವಂತ ಗಳಿಕೆ.